ನೀರಿನ ಟ್ಯೂಬು

ಬುಡೇನ್ ಸಾಬರ ನರ ಸಿಗುವುದಿಲ್ಲ.
ಮೂವತ್ತೆರಡು ವರ್ಷ ಭಟ್ಟಿಯ ಬಾಯಿಗೆ ಚಾಚಿದ ತೋಳು,
ರೋಮ ಸುಟ್ಟು ನುಣ್ಣಗೆ, ಹದ ಮಾಡಿದ ತೊಗಲು.
ಎರಡು ಸಲ ತಟ್ಟಿದೆ. ಮೂರನೇ ಸಲ ಅವರೇ ನಕ್ಕರು:
"ಬಾಗ್ಲಾ ಬಡೀಬ್ಯಾಡ್ರಿ ಮೇಡಂ, ಒಳಗದಾನೆ,
ನಿದ್ದಿ ಮಾಡ್ತಾನೆ."
ನಗು ಕೆಮ್ಮಾಯಿತು.
ಕೆಮ್ಮು ಮುಗಿಯುವ ತನಕ
ಸೂಜಿಯನ್ನು ಗಾಳಿಯಲ್ಲಿ ಹಿಡಿದು ನಿಂತೆ.

ಭಟ್ಟಿ ಸಾಲಿನ ಅಂಗನವಾಡಿಯಲ್ಲಿ ನಮ್ಮ ಕ್ಯಾಂಪು,
ಗೋಡೆಯ ಮೇಲೆ ಅ ಅಳಿಲು, ಆ ಆನೆ.
ಕಿಟಕಿಯಾಚೆ ಬಾಣಲೆಯಲ್ಲಿ ಕರಿ ಮರಳು ಕಾಯುತ್ತದೆ.
ಅಕ್ಕಿ ಬಿದ್ದರೆ ಒಂದು ಉಸಿರಿನಷ್ಟು ಮೌನ,
ಆಮೇಲೆ ಚಟಪಟ, ಬಿಳಿ.
ಹೊಟ್ಟಿನ ಹೊಗೆ ಬೂದು, ಟೈರಿನದು ಕಪ್ಪು.
ಒಳಗೆ ಹೋದ ಮೇಲೆ ಯಾವುದರ ಬಣ್ಣ ಯಾರು ಕಂಡರು?

"ಎದೀ ನೋಡಾಕ ತೋಳಿಂದ ಯಾಕ ತಗೀತೀರಿ?"
ಕಲಿಸಿಕೊಟ್ಟ ಹಾಗೇ ಹೇಳಿದೆ: ಶ್ವಾಸಕೋಶದಲ್ಲಿ ಗಡ್ಡೆ ಇದ್ದರೆ
ಅದರ ಓಣಿಯಲ್ಲಿ ಒಂದಷ್ಟು ಅಣುಜೀವಿಗಳು ಬಿಡಾರ ಹೂಡುತ್ತವಂತೆ,
ಸತ್ತಾಗ ಅವುಗಳ ಚೂರುಪಾರು ರಕ್ತಕ್ಕೆ ಉದುರುತ್ತವಂತೆ.
ಆ ಚೂರು ಓದಿ, ಒಳಗೆ ಗಡ್ಡೆ ಇದೆಯೋ ಇಲ್ಲವೋ
ಹೇಳಬಹುದೇ ಎಂದು ನೋಡುತ್ತಿದ್ದೇವೆ.
ಇನ್ನೂ ನೋಡುತ್ತಿದ್ದೇವೆ, ಅಷ್ಟೇ.

"ಅಂದ್ರ, ಅಂಗಿ ಮ್ಯಾಲಿನ ಹೊಟ್ಟು ನೋಡಿ
ಯಾವ ಭಟ್ಟಿ ಆಳು ಅಂತ ಹೇಳಿದಂಗ."
ನಮ್ಮ ಪ್ರೊಫೆಸರು ನಲವತ್ತು ಸ್ಲೈಡಿನಲ್ಲಿ ಹೇಳಿದ್ದು ಇದನ್ನೇ.
ಬಾಗಿಲಲ್ಲಿ ನಿಂತ ಜೈತುನ್‌ಬಿ ಮಾತ್ರ ಒಪ್ಪಲಿಲ್ಲ:
"ಒಂದಗಳು ಹಿಚುಕಿದ್ರ ಗಡಿಗಿ ಅನ್ನ ಗೊತ್ತಾಕ್ಕತಿ, ಖರೆ.
ಅಗಳು ಅದೇ ಗಡಿಗೀದು ಅಂತ ಯಾರು ಹೇಳ್ಬೇಕು?"

ಅದೇ ನನ್ನ ರಾತ್ರಿಯ ಕೆಲಸ.
ರಕ್ತದ ಟ್ಯೂಬುಗಳ ಸಾಲಿನ ಕೊನೆಗೆ
ಬರೀ ನೀರಿನದೊಂದು ಇಡುತ್ತೇವೆ.
ಅದಕ್ಕೂ ಅದೇ ದ್ರಾವಣ, ಅದೇ ಯಂತ್ರ, ಅದೇ ಗಿರಗಿರ.
ಯಾರದೂ ಅಲ್ಲದ ನೀರು.
ಆದರೂ ಬೆಳಗಿನ ಪಟ್ಟಿಯಲ್ಲಿ ಅದಕ್ಕೂ ಹೆಸರುಗಳಿರುತ್ತವೆ:
ನನ್ನ ಉಸಿರಿನವು, ಮೇಜಿನವು,
ಎಲ್ಲೋ ದೂರದ ಕಾರ್ಖಾನೆಯಲ್ಲಿ
ಆ ಬಾಟಲಿಗೆ ಮುಚ್ಚಳ ಹಾಕಿದ ಯಾರದೋ ಬೆರಳಿನವು.
ನೀರು ಹೇಳಿದ್ದನ್ನು ರಕ್ತ ಹೇಳಿದ್ದರಿಂದ ಕಳೆಯಬೇಕು,
ಉಳಿದದ್ದು ಅವರದು.
ಕೆಲವು ದಿನ ಏನೂ ಉಳಿಯುವುದಿಲ್ಲ.

ಆರೋಗ್ಯವಂತರ ಪಟ್ಟಿಗೆ ಒಬ್ಬರು ಕಡಿಮೆ ಬಿದ್ದರು.
ನಾನೇ ತೋಳು ಚಾಚಿದೆ, ಹತ್ತೊಂಬತ್ತನೇ ನಂಬರು.
ಬೀಡಿ, ಸಿಗರೇಟು? ಇಲ್ಲ. ಹೊಗೆಯ ಕೆಲಸ? ಇಲ್ಲ.
ಸಹಿ ಹಾಕಿದ ಮೇಲೆ ನೆನಪಾಯಿತು,
ಹತ್ತನೇ ಕ್ಲಾಸಿನವರೆಗೆ ನಾವಿದ್ದ ಬಾಡಿಗೆ ಮನೆಗೂ ಭಟ್ಟಿಗೂ
ಹಿತ್ತಲಲ್ಲಿ ಒಂದೇ ಗೋಡೆ.
ಮಾಗಿಯಲ್ಲಿ ಅದಕ್ಕೆ ಬೆನ್ನು ಹಚ್ಚಿ ಓದುತ್ತಿದ್ದೆ,
ಬೆಚ್ಚಗಿರುತ್ತಿತ್ತು.
ಅಮ್ಮ ಒಗೆದು ಹಾಕಿದ ಶನಿವಾರದ ಬಿಳಿ ಯೂನಿಫಾರ್ಮು
ಒಣಗುವಷ್ಟರಲ್ಲಿ ಮಸಿ ಚುಕ್ಕಿ.
ಗೋಡೆಗೆ ಫಾರಮ್ಮಿನಲ್ಲಿ ಕಲಂ ಇಲ್ಲ.

ಮೈನಸ್ ಎಂಬತ್ತರ ಪೆಟ್ಟಿಗೆಯಲ್ಲಿ ಈಗ
ಬುಡೇನ್ ಸಾಬರು, ನಾನು, ನೀರು,
ಒಂದೇ ಸಾಲಿನಲ್ಲಿ ಹೆಪ್ಪುಗಟ್ಟಿ ಕೂತಿದ್ದೇವೆ.
ಜೈತುನ್‌ಬಿ ಕೊಟ್ಟ ನರ್ಗೀಸ್ ಮಂಡಕ್ಕಿಯನ್ನು
ಲ್ಯಾಬಿನ ಹೊರಗೆ, ಮೆಟ್ಟಿಲ ಮೇಲೆ ತಿಂದೆ.
ಅರಳದ ಒಂದು ಕಾಳು ಹಲ್ಲಿಗೆ ಸಿಕ್ಕಿತು.

ಫೋನು. "ಓದಿದ್ರೇನು ಮೇಡಂ ನನ್ನ ಹೊಟ್ಟು?"
ಇಲ್ಲ ಸಾಬ್ರೆ, ಅದು ವರ್ಷಗಟ್ಟಲೆ ಹಿಡಿಯುತ್ತೆ.
ನಿಮ್ಮ ಕೆಮ್ಮು ಅಷ್ಟು ಕಾಯಲ್ಲ,
ಗುರುವಾರ ಎಕ್ಸ್‌ರೇಗೆ ಬನ್ನಿ.
"ಗುರುವಾರ ಲೋಡ್ ಐತಿ."
ಶುಕ್ರವಾರ?
ಆ ಕಡೆ ಬಾಣಲೆಗೆ ಅಕ್ಕಿ ಸುರಿದ ಸದ್ದು,
ಆಮೇಲೆ ಒಂದು ಉಸಿರಿನಷ್ಟು