ಉರುಳುವ ಬೀಜ

ಸುಂಟಿಕೊಪ್ಪದ ಕ್ಯೂರಿಂಗ್ ವರ್ಕ್ಸಿನ ಹಿಂಬದಿ,
ತಂಗಿಯ ಹದಿನೆಂಟು ಚೀಲ ಸರತಿಯಲ್ಲಿತ್ತು.
ತೂಕದ ಚೀಟಿಯ ಬೆನ್ನಿಗೆ
ನಾನೊಂದು ಲೂಪಿನ ಲೆಕ್ಕ ಗೀಚುತ್ತಿದ್ದೆ.

ಬೋಸಾನಿಗೆ ಕೂಡು, ಫರ್ಮಿಯಾನಿಗೆ ಕಳೆ.
ಪ್ರತಿ ಕಣಕ್ಕೂ ಕಾಣದೊಂದು ಜೋಡಿಯಿದ್ದರೆ
ಎರಡು ಅನಂತಗಳು ಒಂದನ್ನೊಂದು ನುಂಗಿ
ಪುಟದ ಕೊನೆಗೆ ಸೊನ್ನೆ.
ಆ ಸೊನ್ನೆಯ ಚೆಲುವಿಗೆ ಮರುಳಾಗಿ
ಹತ್ತೊಂಬತ್ತು ವರ್ಷ.

"ಎಂತ ಟೀಚರೇ, ಬಡ್ಡಿ ಲೆಕ್ಕವಾ?"
ಆಸ್ಯಮ್ಮ ತಲೆ ಎತ್ತಲಿಲ್ಲ,
ಬೆರಳು ಕರಿಬೀಜ ಹೆಕ್ಕುತ್ತಲೇ ಇತ್ತು.
ಜೋಡಿ ಹುಡುಕುವ ಲೆಕ್ಕ, ಅಂದೆ.
"ಯಾರಿಗೆ?"
ಎಲ್ಲಕ್ಕೂ. ಬೆಳಕಿಗೆ. ಎಲೆಕ್ಟ್ರಾನಿಗೆ.
"ಸಿಕ್ಕಿತಾ?"

ನೆಲದಡಿಯ ಸುರಂಗದಲ್ಲಿ ಡಿಕ್ಕಿ ಹೊಡೆಸಿ
ಚೂರುಗಳನ್ನೆಲ್ಲ ಎಣಿಸಿ ನೋಡಿದ್ದಾರೆ. ಇಲ್ಲ.
ಇದ್ದರೆ ಇನ್ನೂ ಭಾರವಿರಬೇಕು, ಎಂದೆವು.
ಮರುವರ್ಷ, ಇನ್ನೂ ಭಾರ.
ನನ್ನೊಡನೆ ಆರು ಪ್ರಬಂಧ ಬರೆದ ಮುದ್ದಪ್ಪ
"ಇದು ಭೌತಶಾಸ್ತ್ರವಲ್ಲ ಮಾರಾಯ್ತಿ, ಹರಾಜು" ಎಂದು
ನ್ಯೂಟ್ರಿನೋದ ಬೆನ್ನು ಹತ್ತಿ ಹೋದ.

ಆಸ್ಯಮ್ಮ ಒಣಚೆರಿಯೊಂದನ್ನು ಹಲ್ಲಿಗಿಟ್ಟು ಕಟಕ್ಕೆಂದಳು:
ಒಳಗೆರಡು ಬೀಜ, ಚಪ್ಪಟೆ ಮುಖಕ್ಕೆ ಮುಖ.
ಇನ್ನೊಂದು, ಮತ್ತೊಂದು. ಆರನೆಯದರಲ್ಲಿ ಒಂದೇ,
ಬಟಾಣಿಯಂತೆ ದುಂಡಗೆ.
"ಇದರ ಜೊತೆಯದ್ದು ಹುಟ್ಟಲೇ ಇಲ್ಲ.
ಅದರ ಜಾಗವನ್ನೂ ಇದೇ ತಿಂದಿದೆ.
ಪೀಬಿ ಅಂತಾರೆ. ರೇಟು ಜಾಸ್ತಿ."

ಇಳಿಜಾರಿನ ಬೆಲ್ಟಿಗೆ ಚಪ್ಪಟೆಯವು ಅಂಟಿ ಮೇಲೇರಿದವು.
ದುಂಡಗಿನವು ಉರುಳಿದವು
ಪಕ್ಕದ ಡಬ್ಬಿಗೆ, ಒಂದೊಂದೇ, ಸದ್ದು ಮಾಡುತ್ತ.

ಉದಾಹರಣೆ ಸರಿಯಿಲ್ಲ, ಗೊತ್ತು.
ಸಮ್ಮಿತಿ ಮುರಿಯುವುದು ಹೀಗಲ್ಲ.
ಜೋಡಿ ಇಲ್ಲವಾಗುವುದಿಲ್ಲ ಅಲ್ಲಿ,
ತೂಕ ಬೇರೆಯಾಗುತ್ತದೆ, ಅಷ್ಟೆ.
ತರಗತಿಯಲ್ಲಾದರೆ ತಿದ್ದುತ್ತಿದ್ದೆ.

ಆದರೂ ಉಗುರಿನಿಂದ ಸಿಪ್ಪೆಯ ಒಳಮೈ ಕೆರೆದೆ.
ಅಂಚಿನಲ್ಲಿ, ಸಾಸಿವೆಗಿಂತ ಸಣ್ಣದು,
ಈರುಳ್ಳಿ ಪೊರೆಯಂತೆ ತೆಳು, ಸುರುಟಿಕೊಂಡು
ಏನೋ ಒಂದು.
ಉಸಿರು ಹಿಡಿದೆ.
"ಹೊಟ್ಟು ಅದು ಟೀಚರೇ, ಊದಿಬಿಡಿ."

ಊದಲಿಲ್ಲ.
ಅಷ್ಟರಲ್ಲಿ ಗುಮಾಸ್ತ ಕೂಗಿದ, ಚೀಟಿ ಕೇಳಿದ,
ಬೆನ್ನಿನ ಲೆಕ್ಕ ಕಂಡು ಹುಬ್ಬೇರಿಸಿ
ಮಗುಚಿ ಮುಖದ ಮೇಲೆ ಬರೆದ:
ಎಂಟುನೂರ ಎಂಬತ್ತೊಂಬತ್ತು ಕೆಜಿ,
ಚೀಲದ ತೂಕ ಕಳೆದು.

ನಾವೂ ಮಾಡುವುದು ಅದನ್ನೇ, ಅನ್ನಬೇಕೆನಿಸಿತು ಅವನಿಗೆ.
ನಮ್ಮ ಚೀಲದ ತೂಕ
ಅನಂತ, ಅಷ್ಟೇ ವ್ಯತ್ಯಾಸ.