ಹೊರಗೆ ಹೋಗದ ಬಾಣ

ಶಿಡ್ಲಘಟ್ಟದ ಸರ್ಕಾರಿ ಆಸ್ಪತ್ರೆ ನನ್ನನ್ನು ಕೇಳಿದ್ದು
ಮೂವತ್ತು ಸೆಕೆಂಡಿನ ಉಸಿರು.
ಸೆಕೆಂಡಿಗೆ ಇಪ್ಪತ್ತೈದು ಚಿತ್ರ,
ಒಟ್ಟು ಏಳುನೂರ ಐವತ್ತು.
ಅಷ್ಟರೊಳಗೆ ಆಸ್ತಮಾ ಅಂದರೇನೆಂದು
ಓದು ಬಾರದವರಿಗೂ ತಿಳಿಯಬೇಕು.
ದುಡ್ಡು, ಬಿಲ್ಲು ಪಾಸಾದ ಮೇಲೆ.

ಸೈಕಲ್ ಅಂಗಡಿಯ ಮೇಲಿನ ಕೋಣೆ ನನ್ನದು.
ಕೆಳಗೆ ಟ್ಯೂಬಿಗೆ ಗಾಳಿ ಹೊಡೆಯುವ ಸದ್ದು ಕೇಳುತ್ತ
ಹನ್ನೊಂದು ರಾತ್ರಿ ಕೂತು ಶ್ವಾಸನಾಳ ಬಿಡಿಸಿದೆ.
ಕವಲಿನಿಂದ ಕವಲು, ತಲೆಕೆಳಗಾದ ಮರ,
ತುದಿಯಲ್ಲಿ ದ್ರಾಕ್ಷಿ ಗೊಂಚಲು.
(ದ್ರಾಕ್ಷಿ ಪುಸ್ತಕದ್ದಲ್ಲ,
ನಂದಿಯ ದಾರಿಯಲ್ಲಿ ತಂತಿಗೆ ತೂಗಿದ್ದನ್ನೇ ನೋಡಿ ಬರೆದದ್ದು.)
ನಾಳದ ಸುತ್ತ ಸ್ನಾಯು ಹಿಂಡುವಂತೆ ಮಾಡಿದೆ.
ಒಂದು ನೀಲಿ ಬಾಣ ಬಂದು, ಬಾಗಿಲು ಬಡಿದು,
ಒಳಗೆ ಹೋಗಲಾರದೆ ಹಿಂದಿರುಗುತ್ತದೆ.
ಚೆನ್ನಾಗಿತ್ತು. ನನಗೇ ಉಬ್ಬಸ ಬಂದಂತಾಯಿತು.

ಡಾಕ್ಟರ್ ಪ್ರಫುಲ್ಲಾ ಲ್ಯಾಪ್‌ಟಾಪನ್ನು ಮೇಜಿನ ಮೇಲೆ ತಿರುಗಿಸಿ
ಎದುರಿಗಿದ್ದ ರೋಗಿಗೆ ತೋರಿಸಿದರು.
ಖಮರುನ್ನಿಸಾ, ಐವತ್ತೆರಡು,
ಇಪ್ಪತ್ತೊಂಬತ್ತು ವರ್ಷದಿಂದ ನೂಲು ಬಿಚ್ಚುವ ಕೈ.
ಬಿಸಿನೀರಲ್ಲಿ ಬೆಂದು ಬೆಂದು
ಬೆರಳ ತುದಿಯಲ್ಲಿ ಗೆರೆಯೇ ಉಳಿದಿಲ್ಲ;
ರೇಷನ್ ಅಂಗಡಿಯ ಯಂತ್ರ ಅವಳನ್ನು ಗುರುತಿಸುವುದಿಲ್ಲವಂತೆ.

ಒಂದು ಸಲ ನೋಡಿದಳು. ಇನ್ನೊಂದು ಸಲ.
"ಸುಳ್ಳು," ಅಂದಳು.

"ಉಸಿರು ಒಳಗೆ ಬರ್ತದಪ್ಪ.
ಬರೋದಕ್ಕೇನು, ಯಾರ ಮನೆಗಾದ್ರೂ ಬರ್ತದೆ.
ಹೋಗಲ್ಲ ಅಂತ ಕೂತ್ಕೊಳ್ತದಲ್ಲ, ಅದೇ ನೋವು.
ನೀರಲ್ಲಿ ಗೂಡು ತಿರುಗ್ತಾ ಇರ್ತದೆ,
ಎಳೆ ತುದಿ ಸಿಗಲ್ಲ. ಕುಂಚದಿಂದ ತಟ್ಟು, ತಟ್ಟು,
ಸಿಗಲ್ಲ. ಅಲ್ಲೇ ತಿರುಗ್ತದೆ. ಹಂಗೆ."

ಪೆನ್ನು ಕೆಳಗಿಟ್ಟು ಡಾಕ್ಟರ್ ನನ್ನ ಮುಖ ನೋಡಿದರು.
"ಅವರು ಹೇಳೋದೇ ಸರಿ. ನಾನೂ ಗಮನಿಸಲಿಲ್ಲ."
ಏಳುನೂರ ಐವತ್ತು ಚಿತ್ರ
ಬಾಣದ ಮೂತಿ ತಿರುಗಿಸಿ ನಿಂತವು.

ಮತ್ತೆ ಒಂಬತ್ತು ರಾತ್ರಿ.
ಈಗ ಬಾಣ ಸರಾಗ ಒಳಬರುತ್ತದೆ,
ಅದರ ಹಿಂದೆ ಇನ್ನೊಂದು, ಮತ್ತೊಂದು,
ಮೊದಲ ಬಸ್ಸಿಗೆ ನುಗ್ಗಿದವರಂತೆ.
ಇಳಿಯಲು ಯಾರಿಗೂ ದಾರಿಯಿಲ್ಲ.
ದ್ರಾಕ್ಷಿಗಳು ಬಿಗಿದು, ಹೊಳೆದು, ಹಾಗೇ ಉಳಿಯುತ್ತವೆ.

ಅವಳು ನೋಡಿದಳು. ತಲೆದೂಗಿದಳು.
ಐಸ್‌ಕ್ಯಾಂಡಿಯಂಥ ಗುಲಾಬಿ ಬಣ್ಣಕ್ಕೆ ನಕ್ಕಳು,
ನಕ್ಕಿದ್ದಕ್ಕೆ ಕೆಮ್ಮಿದಳು, ಕೆಮ್ಮು ನಿಂತ ಮೇಲೆ ಕೇಳಿದಳು:
"ಇವಳು ಕೂತಿರೋದು ಎಲ್ಲಿ?"

ಯಾರು?
"ಇವಳೇ. ಈ ಪುಪ್ಪುಸದ ಯಜಮಾನಿ."

ಹಿನ್ನೆಲೆ ಬಿಳಿ. ವಿಜ್ಞಾನಕ್ಕೆ ಹಿನ್ನೆಲೆ ಬಿಳಿಯೇ ಇರಬೇಕೆಂದು
ನನಗೆ ಯಾರು ಹೇಳಿಕೊಟ್ಟರೋ ನೆನಪಿಲ್ಲ.
ಎಲ್ಲೂ ಅಲ್ಲದ ಜಾಗದಲ್ಲಿ ಒಂದು ಎದೆ
ತನ್ನಷ್ಟಕ್ಕೆ ಕಾಯಿಲೆ ಬಿದ್ದಿತ್ತು.

ಮಂಜೂರಾದದ್ದು ಮೂವತ್ತು ಸೆಕೆಂಡು ಮಾತ್ರ.
ನಾನು ಇನ್ನೂ ಆರು ಸೇರಿಸಿದೆ, ಲೆಕ್ಕಕ್ಕಿಲ್ಲದ ಆರು.
ಕುದಿಯುವ ಬಟ್ಟಲು. ಸೌದೆಯ ಹೊಗೆ.
ಬೆಂದ ಹುಳುವಿನ ವಾಸನೆಯನ್ನು ಮಾತ್ರ
ಹೇಗೆ ಬರೆಯುವುದೋ ತಿಳಿಯದೆ
ಮೂರು ಹಳದಿ ಗೆರೆ ಎಳೆದೆ.
ಮುಚ್ಚಿದ ಕಿಟಕಿ. ಕಡೆಯ ಸೆಕೆಂಡಿನಲ್ಲಿ
ಕಿಟಕಿ ತೆರೆಯುತ್ತದೆ, ಬೆಳಕು,
ಬಾಣಗಳೆಲ್ಲ ಹಕ್ಕಿಯಂತೆ ಹೊರಗೆ.
ಇದು ಹೊಳೆದಾಗ ಎದ್ದು ಹೋಗಿ
ಕೆಳಗಿನವರಿಗೆಲ್ಲ ಚಹಾ ಕೊಡಿಸಿದ್ದೆ.

"ಮುಚ್ಚು ಅದನ್ನ!"
ಖಮರುನ್ನಿಸಾ ಪರದೆಯ ಕಡೆ ಕೈ ಚಾಚಿದ್ದಳು, ನಿಜವಾಗಿ.
"ಗಾಳಿ ಬಂದ್ರೆ ಎಳೆ ಹರಿತದೆ."

ಡಾಕ್ಟರ್ ಏನೋ ಹೇಳಹೊರಟು ಸುಮ್ಮನಾದರು.
ಹೊರಗೆ ಟೋಕನ್ ನಂಬರು ಕೂಗುತ್ತಿದ್ದರು.

ಆ ಕಡತ ಇನ್ನೂ ನನ್ನ ಬಳಿಯೇ ಇದೆ.
ಆಸ್ಪತ್ರೆಯ ಟೀವಿಯಲ್ಲಿ ಓಡುವುದು ಮೂವತ್ತೇ ಸೆಕೆಂಡು,
ಸ್ಪೀಕರು ಕೆಟ್ಟಿದೆ, ಸದ್ದಿಲ್ಲ.
ಬೆಂಚಿನ ಮೇಲೆ ಕಾದವರು ನೋಡುತ್ತ ನೋಡುತ್ತ
ತಾವೂ ಉಸಿರು ಹಿಡಿಯುತ್ತಾರೆ.
ಮಿಕ್ಕ ಆರನ್ನು ಕೆಲವು ರಾತ್ರಿ ತೆರೆದು ಕೂರುತ್ತೇನೆ.
ಎಂಟುನೂರ ಎಂಬತ್ತನೆಯ ಚಿತ್ರ:
ಕಿಟಕಿ ಅರ್ಧ ತೆರೆದಿದೆ,
ಎಳೆ ಇನ್ನೂ ಹರಿದಿಲ್ಲ.