ಐನೂರ ಐವತ್ತು

ವಾಸ್ಕೋ ಬಂದರಿನ ಹಿಂದೆ, ಡೀಸೆಲ್ ನಾತದ ಗಲ್ಲಿಯಲ್ಲಿ,
ಹಡಗುಗಳಿಗೆ ಈರುಳ್ಳಿ, ಹಗ್ಗ, ಸಿಹಿನೀರು, ಮೊಟ್ಟೆ
ಪೂರೈಸುವ ಕುಂಕಳ್ಯೇಕಾರ್ ಅಂಡ್ ಸನ್ಸ್.
ಸನ್ಸ್ ಇಲ್ಲ. ಒಬ್ಬಳೇ ಮಗಳು,
ಅವಳಿಗೆ ದೋಣಿ ಕಂಡರೇ ವಾಂತಿ.
ಸೋಮವಾರದಿಂದ ಇಲ್ಲಿಯ ಒಂದು ಮೇಲೂ
ಹೊಸಿಲು ದಾಟಿಲ್ಲ.

"ಬರೋದೆಲ್ಲ ಬರ್ತದೆ," ಎಂದರು ಲೂರ್ದಿನ್ಹಾ ಬಾಯ್,
ಮೂವತ್ತು ವರ್ಷ ಲೆಕ್ಕ ಬರೆದ ಬೆರಳಲ್ಲಿ ಪರದೆ ಕುಟ್ಟಿ,
"ಹೋದದ್ದು ಮಾತ್ರ ಸಂಜೆಗೆ ವಾಪಸ್,
ಮೂರು ಸಲ ಕುವೈತಿಗೆ ಹೋದ ನನ್ನ ತಮ್ಮನ ಹಾಗೆ."

ಕುರ್ಚಿಗೆ ಒಂದು ಗಾಲಿ ಇರಲಿಲ್ಲ. ವಾಲಿ ಕುಳಿತು
ಲಾಗ್ ತೆರೆದೆ. ಸಾಲುಸಾಲಿಗೂ ಒಂದೇ ಜಪ:
ಐನೂರ ಐವತ್ತು, ರಿಲೇ ನಿರಾಕರಿಸಲಾಗಿದೆ.
ಅಂದರೆ, ಇವರ ಟಪಾಲು ಹೊತ್ತು ಮುಂದೆ ದಾಟಿಸುವ
ಪಣಜಿಯ ಸರ್ವರು ಕೇಳುತ್ತಿದೆ, ನೀನು ಯಾವನಯ್ಯ?

ಶನಿವಾರ ಯಾವನೋ ಹುಡುಗ ಬಂದು
ಅಗ್ಗದ ಇಂಟರ್ನೆಟ್ ಹಾಕಿ ಚಹಾ ಕುಡಿದು ಹೋಗಿದ್ದ.
ಅಂಕಿಯ ವಿಳಾಸ ಬದಲಾಗಿತ್ತು,
ಪಣಜಿಯ ಪಟ್ಟಿಗೆ ಯಾರೂ ಹೇಳಿರಲಿಲ್ಲ.
ಸಾಲದ್ದಕ್ಕೆ, ಪರರ ಬಾಗಿಲಲ್ಲಿ ಹೆಸರು ಕೇಳಿದರೆ
ಈ ಬಡ ಯಂತ್ರ ಹೇಳುತ್ತಿತ್ತು: ಲೋಕಲ್‌ಹೋಸ್ಟ್.
ಕದದಾಚೆಯಿಂದ ಯಾರು ಅಂದರೆ
ನಾನೇ, ಅಂದ ಹಾಗೆ.
ಮನೆಯವರಿಗೆ ಅಷ್ಟು ಸಾಕು.
ಹ್ಯಾಂಬರ್ಗಿಗೆ ಸಾಲದು.

ಬೈನಾದ ಮರಳಲ್ಲಿ ನಮ್ಮ ತಗಡಿನ ಮನೆ ಹೋದ ವರ್ಷ
ಅದಿರು ಹೊತ್ತ ಕೆಂಪು ಕೈಯಲ್ಲಿ ಟೊಪ್ಪಿಗೆ ಹಿಡಿದು
ಅಪ್ಪ ಮುನ್ಸಿಪಾಲ್ಟಿಯ ಕಿಟಕಿಗೆ ಹೆಸರು ಹೇಳಿದ:
ಯಮನಪ್ಪ, ಬಾದಾಮಿ ತಾಲ್ಲೂಕು.
ಇಲ್ಲಿ ನಿನ್ನನ್ನು ಬಲ್ಲವರು ಯಾರು?
ಹಿಂದಿನಿಂದ ಅವ್ವ ಅಂದಳು,
"ನಮ್ಮನ್ನ ನಾವ ಬಲ್ಲೇವಲ್ರೀ ಸಾಹೇಬ್ರ."
ಕಿಟಕಿ ಊಟಕ್ಕೆ ಮುಚ್ಚಿತು.

ಇರಲಿ. ಕಡತ ತೆರೆದು, ಇಪ್ಪತ್ತೇಳನೇ ಸಾಲಲ್ಲಿ
ಯಂತ್ರಕ್ಕೆ ಒಂದು ಪೂರ್ತಿ ಹೆಸರಿಟ್ಟೆ, ಮನೆತನದ ಸಮೇತ.
ಪಣಜಿಗೆ ಫೋನು. ಹತ್ತೊಂಬತ್ತು ನಿಮಿಷ ಪಿಯಾನೋ.
ಆಮೇಲೆ ಒಬ್ಬ ನಾಯಕ್, ಬಾಯಲ್ಲಿ ಮೀನಿನ ಮುಳ್ಳು,
"ಗಲಾಟೆಯೇ ಬೇಡ, ಎಲ್ಲರಿಗೂ ತೆರೆದುಬಿಡಲಾ?" ಎಂದ.
ಬೇಡ ಮಾರಾಯ. ನಾಲ್ಕು ಸೊನ್ನೆ ಬರೆದರೆ
ಬೆಳಗಾಗುವುದರೊಳಗೆ ಲೋಕದ ಕಳ್ಳರೆಲ್ಲ
ನಿನ್ನ ಹೆಗಲ ಮೇಲೆ ಲಾಟರಿ ಹಂಚುತ್ತಾರೆ.
ಇವರೊಬ್ಬರನ್ನು ಸೇರಿಸು, ಸಾಕು.
ಕೊನೆಯ ಅಂಕಿ ಎರಡು ಸಲ ಕೇಳಿದ,
ಮೂರನೆಯ ಸಲ ನಾನೇ ಹೇಳಿದೆ.

ಸರದಿಯಲ್ಲಿ ಅರವತ್ತಮೂರು ಮೇಲು. ಹೋಗಿ ಎಂದೆ.
ಹೋದವು.
ಐನೂರ ಐವತ್ತು ಇದ್ದದ್ದು ಇನ್ನೂರ ಐವತ್ತಾಯಿತು,
ಮುನ್ನೂರು ಇಳಿದರೆ ಲೋಕ ಸರಿ ಅನ್ನುತ್ತದೆ.
ಹಗ್ಗದ ದರಪಟ್ಟಿ, ಬಾಕಿಯ ನೆನಪೋಲೆ, ಮೊಟ್ಟೆಯ ಬಿಲ್ಲು,
ನಡುವೆ ಲೂರ್ದಿನ್ಹಾ ಬಾಯಿಯವರದೊಂದು,
ವಿಷಯದ ಜಾಗದಲ್ಲಿ ಒಂದೇ ಪದ: ಮಾಫ್.
ನಾನು ಫ್ಯಾನಿನ ಕಡೆ ನೋಡಿದೆ. ಅದೂ ಹೋಯಿತು.

ಚಹಾ ಬರುವಷ್ಟರಲ್ಲಿ ಮೊದಲ ಉತ್ತರ,
ಸೆಲೇನೆ ಎಂಬ ಹಡಗಿನ ಕಪ್ತಾನನದು:
ದರ ಚೆನ್ನಾಗಿದೆ, ವಂದನೆ. ಈರುಳ್ಳಿಯನ್ನು
ನಿನ್ನೆ ಕೊಲಂಬೋದಲ್ಲಿ ಕೊಂಡೆವು.
ಕುಂಕಳ್ಯೇಕಾರರು ಅದನ್ನು ಪ್ರಿಂಟ್ ತೆಗೆದು
ಕನ್ನಡಕ ಒರೆಸಿ ಎರಡು ಸಲ ಓದಿದರು.
ಗೋದಾಮಿನಲ್ಲಿ ಎರಡು ಕ್ವಿಂಟಲ್ ಮೊಳಕೆ ಬಿಡುತ್ತಿತ್ತು.

ಕೂಲಿಯ ಮೇಲೆ ಒಂದು ಚೀಲ ಕೊಟ್ಟರು.
ಜುವಾರಿನಗರದ ಬಸ್ಸಲ್ಲಿ, ಕಾಲುಗಳ ಕಾಡಿನ ನಡುವೆ,
"ಯಾರದಿದು?" ಎಂದ ಕಂಡಕ್ಟರ್.
ನಂದೇ, ಎಂದೆ.
ಅಷ್ಟಕ್ಕೇ ಒಪ್ಪಿ
ಅರ್ಧ ಟಿಕೆಟ್ ಹರಿದ.